ನಾನೂರಿಪ್ಪತ್ತು ಯೂನಿಟ್ಟು

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಕೊನೆಗೆ ಹೇಳಿದರೆ ಕಥೆಯ ತಿರುವಿನ ಹಾಗೆ ಕಾಣುತ್ತೆ. ಅದು ತಿರುವಲ್ಲ, ಶುರುವೇ ಅದು.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ನೀರಿನ ಪಂಪಿರುವ ಕೋಣೆಯ ಹೊರಗೋಡೆಗೆ ಹದಿನೈದು ಆಂಪಿನ ಒಂದು ಸಾಕೆಟ್ಟಿತ್ತು. ಹೋದ ವರ್ಷ ಎಲೆಕ್ಟ್ರಿಕ್ ಸ್ಕೂಟರು ಕೊಂಡ ಮೇಲೆ ಸುಮಾರು ಹದಿನೈದು ವಾರ, ವಾರಕ್ಕೆರಡು ರಾತ್ರಿ, ನಾನು ಅಲ್ಲಿ ಗಾಡಿ ಚಾರ್ಜಿಗೆ ಹಾಕಿಕೊಂಡಿದ್ದೇನೆ. ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಬೇಡ ಅಂದುಬಿಡ್ತಾರೇನೋ ಅಂತಲೇ ಕೇಳಿರಲಿಲ್ಲ. ಆ ಕರೆಂಟು ಕಾಮನ್ ಮೀಟರಿನದು, ಅಂದರೆ ಎಂಬತ್ತನಾಲ್ಕು ಮನೆಯವರ ದುಡ್ಡು. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಲೆಕ್ಕ ನೋಡಿದವಳಿಗೆ ಇದು ತಿಳಿಯದ ವಿಷಯವಲ್ಲ. ಸ್ಕೂಟರು ಯಾಕೆ ತಗೊಂಡ್ರಿ ಅಂತ ಯಾರಾದರೂ ಕೇಳಿದರೆ ಪರಿಸರ ಅಂತಿದ್ದೆ. ನಿಜ ಏನಂದರೆ ಪೆಟ್ರೋಲು ಲೀಟರಿಗೆ ನೂರು ದಾಟಿದ ಮೇಲೆ ಹಳೇ ಗಾಡಿ ಕಿಲೋಮೀಟರಿಗೆ ಎರಡು ರೂಪಾಯಿಗಿಂತ ಜಾಸ್ತಿ ಕುಡೀತಿತ್ತು. ಇದಕ್ಕೆ ಮೂವತ್ತು ಪೈಸೆ ಸಾಕು. ನಾನಂತೂ ಆ ಮೂವತ್ತು ಪೈಸೇನೂ ಕೊಡ್ತಿರಲಿಲ್ಲ ಅನ್ನಿ.

ಆ ಸಾಕೆಟ್ಟಿನ ಖಾಯಂ ಗಿರಾಕಿ ನಾನಲ್ಲ. ರಾತ್ರಿ ಪಾಳಿಯ ಗಾರ್ಡು, ಬಾಗಲಕೋಟೆ ಕಡೆಯವರು, ಹೆಚ್ಚೂಕಮ್ಮಿ ನನ್ನ ವಯಸ್ಸಿನವರೇ, ಬೆಳಗಿನ ಜಾವ ಅದರಲ್ಲಿ ಹೀಟರ್ ರಾಡು ಹಾಕಿ ಒಂದು ಬಕೆಟ್ಟು ನೀರು ಕಾಯಿಸಿಕೊಳ್ಳುತ್ತಿದ್ದರು. ಪಾಳಿ ಮುಗಿದ ಮೇಲೆ ಸ್ನಾನ ಮಾಡಿ ಇನ್ನೊಂದು ಕಡೆ ಹಗಲಿನ ಕೆಲಸಕ್ಕೆ ಹೋಗಬೇಕು. ನಾನು ಮೊದಲ ಸಲ ಕಳ್ಳಬೆಕ್ಕಿನ ಹಾಗೆ ವೈರು ಹಿಡಿದು ನಿಂತಿದ್ದಾಗ ಅವರೇ ಬಂದು, "ಹಚ್ರಿ ಅಕ್ಕಾರ, ನೀರ್ ಕಾಸೂ ಹೊತ್ತಿಗೆ ನಾ ತಗೀತೀನಿ" ಅಂದರು. ಹಾಗೇ ಮಾಡಿದರು ಕೂಡ. ಬೆಳಿಗ್ಗೆ ಕೆಳಗೆ ಹೋದರೆ ವೈರು ನೀಟಾಗಿ ಸುತ್ತಿ ಹ್ಯಾಂಡಲಿಗೆ ನೇತುಹಾಕಿರೋದು.

ಒಂದು ದಿನ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬಕೆಟ್ಟು, ಅದರೊಳಗೆ ರಾಡು, ಗೋಡೆಯ ಸಾಕೆಟ್ಟು. ಕೆಳಗೆ, "ಕಾಮನ್ ಕರೆಂಟು ಯಾರಪ್ಪನ ಮನೆಯದು?" ಆ ರಾತ್ರಿ ನನ್ನ ಸ್ಕೂಟರಿನ ಸರದಿ ಇರಲಿಲ್ಲ, ಅಷ್ಟೇ. ಹಿಂದಿನ ದಿನ ತೆಗೆದಿದ್ದರೆ ಫೋಟೋದಲ್ಲಿ ನಾನಿರುತ್ತಿದ್ದೆ. ಗುಂಪಿನಲ್ಲಿ ಹೆಬ್ಬೆರಳುಗಳ ಮೆರವಣಿಗೆ. ಏಜೆನ್ಸಿಗೆ ದೂರು ಕೊಡಿ ಅಂದವರು ಕೆಲವರು, ಮೊದಲು ವಾರ್ನಿಂಗ್ ಕೊಡಿ ಅಂದವರು ಕೆಲವರು. ನಾಲ್ಕನೇ ಮಹಡಿಯಲ್ಲಿ ಕೂತು ನಾನೂ ಏನೋ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಅಷ್ಟರಲ್ಲಿ ಯಾರದೋ ಮೊಮ್ಮಗುವಿನ ಹುಟ್ಟುಹಬ್ಬದ ಕೇಕು ಬಂದು ಮಾತು ಮುಂದಕ್ಕೆ ಹೋಯಿತು. ಮಾರನೇ ದಿನ ಎಲೆಕ್ಟ್ರಿಶಿಯನ್ ಬಂದು ಸಾಕೆಟ್ಟಿಗೊಂದು ತಗಡಿನ ಡಬ್ಬ ಹೊಡೆದು ಬೀಗ ಹಾಕಿದ. ಗಾರ್ಡು ಯಾರ ಹೆಸರೂ ಹೇಳಲಿಲ್ಲ. ನನಗೂ ಏನೂ ಹೇಳಲಿಲ್ಲ.

ನನ್ನ ಸಾಮಾಜಿಕ ಕಾಳಜಿ ಹುಟ್ಟಿದ್ದು ಆ ಬೀಗ ಬಿದ್ದ ಮೂರನೇ ದಿನ, ಗಾಡಿಯ ಚಾರ್ಜು ಹನ್ನೊಂದು ಪರ್ಸೆಂಟಿಗೆ ಇಳಿದಾಗ. ಅಸೋಸಿಯೇಷನ್ನಿಗೆ ಪತ್ರ ಬರೆದೆ. ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಎಲೆಕ್ಟ್ರಿಕ್ ವಾಹನ ಚಾರ್ಜಿಂಗಿನ ಒಂದು ಸಾಮೂಹಿಕ ವ್ಯವಸ್ಥೆ ಬೇಕು, ಕಮಿಟಿ ಇದನ್ನು ದಯವಿಟ್ಟು ಚರ್ಚೆಗೆ ತರಬೇಕು, ಹೀಗೆ. ಭಾಷೆ ಚೆನ್ನಾಗಿತ್ತು. ನ್ಯಾಯ ಅನ್ನುವ ಪದ ಎರಡು ಸಲ ಬಳಸಿದ್ದೆ.

ಸೆಕ್ರೆಟರಿ ಒಳ್ಳೆಯ ಮನುಷ್ಯ. ಕರೆದು ಕಾಫಿ ಕೊಟ್ಟು ಗುಟ್ಟು ಹೇಳುವ ದನಿಯಲ್ಲಿ ಹೇಳಿದರು. "ಮೇಡಂ, ಇದನ್ನ ಮೀಟಿಂಗಿಗೆ ಹಾಕಿದ್ರೆ ಎರಡು ವರ್ಷ ಎಳೀತಾರೆ. ಎಲೆಕ್ಟ್ರಿಶಿಯನ್ ನೋಡಿದ್ದಾನೆ, ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಸಂಜೆಯ ಲೋಡು ಕಳೆದು ಉಳಿಯೋದು ಸುಮಾರು ಅರವತ್ತು ಕಿಲೋವ್ಯಾಟು. ಕಾರಿನ ಚಾರ್ಜರು ಒಂದಕ್ಕೆ ಏಳೂವರೆ ಹತ್ತಿರ ಬೇಕು. ಎಂಟು ಜನಕ್ಕೆ ಆಯ್ತು. ಈಗಾಗಲೇ ಇಬ್ಬರು ಅವರವರ ಮೀಟರಿನಿಂದ ಲೈನು ಎಳೆಸೋಕೆ ಅರ್ಜಿ ಹಾಕಿದ್ದಾರೆ. ನೀವು ಮೂರನೆಯವರು. ಈಗ ಸ್ಕೂಟರಿಗೆ ಅಷ್ಟು ಬೇಡದಿದ್ರೂ ನಾಳೆ ಕಾರು ತಗೋಬಹುದು, ಈಗಲೇ ಜಾಗ ಹಿಡಿದುಬಿಡಿ."

ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಿದ್ದ ಅಪ್ಪ ನೆನಪಾದರು. ಅದರಲ್ಲಿ ಅನ್ಯಾಯ ಕಾಣುತ್ತಿರಲಿಲ್ಲ ಆಗ. ಚುರುಕಾದವರಿಗೆ ಸೀಟು, ಉಳಿದವರು ನಿಂತ್ಕೋಬೇಕು. ಸೆಕ್ರೆಟರಿ ನನಗೆ ಕೊಟ್ಟದ್ದೂ ಒಂದು ಟವೆಲ್ಲು. ಮೇಲುನೋಟಕ್ಕೆ ಅದು ಎಷ್ಟು ನ್ಯಾಯವಾಗಿದೆ ನೋಡಿ. ನನ್ನ ಮೀಟರು, ನನ್ನ ವೈರು, ನನ್ನ ದುಡ್ಡು. ಯಾರ ಎಂಟಾಣೆಯೂ ಮುಟ್ಟುವುದಿಲ್ಲ. ಬೇಸ್‌ಮೆಂಟಿನ ಸಾಕೆಟ್ಟಿಗಿಂತ ಸಾವಿರ ಪಾಲು ಶುದ್ಧ. ಹೂಂ ಅನ್ನೋಣ ಅಂತಲೇ ಮನೆಗೆ ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಲ್ಕ್ಯುಲೇಟರು ತಗೊಂಡು ಕೂತೆ, ಬ್ಯಾಂಕಿನವರ ರೋಗ. ಬೆಂಗಳೂರಿನಲ್ಲಿ ಒಂದು ಕಾರು ದಿನಕ್ಕೆ ಮೂವತ್ತು ಕಿಲೋಮೀಟರು ಓಡಿತು ಅಂತಿಟ್ಟುಕೊಳ್ಳಿ. ಯೂನಿಟ್ಟಿಗೆ ಆರು ಕಿಲೋಮೀಟರು ಅಂದರೂ ಐದು ಯೂನಿಟ್ಟು ಸಾಕು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಏಳು ಗಂಟೆ. ಅರವತ್ತು ಕಿಲೋವ್ಯಾಟನ್ನು ಏಳು ಗಂಟೆ ಬಳಸಿದರೆ ನಾನೂರಿಪ್ಪತ್ತು ಯೂನಿಟ್ಟು. ಎಂಬತ್ತನಾಲ್ಕು ಮನೆಗೆ ಐದೈದು ಯೂನಿಟ್ಟು ಹಂಚಿದರೂ ನಾನೂರಿಪ್ಪತ್ತು. ಮೂರು ಸಲ ಗುಣಿಸಿ ನೋಡಿದೆ, ಒಂದು ಪೈಸೆಯೂ ಆಚೀಚೆ ಇಲ್ಲ. (ನಾನೂರಿಪ್ಪತ್ತು ಅಂದರೆ ನಮ್ಮಲ್ಲಿ ಏನರ್ಥ ಅಂತ ಗೊತ್ತಲ್ಲ. 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆ ಬಂದು ವಂಚನೆಯ ಸೆಕ್ಷನ್ನು 318 ಆಗಿದೆ. ಆದರೆ ಮೋಸಗಾರನನ್ನು ತ್ರೀ ಏಯ್ಟೀನ್ ಅಂತ ಬೈಯೋದಕ್ಕೆ ನಮ್ಮ ನಾಲಿಗೆಗೆ ಇನ್ನೂ ಒಂದು ತಲೆಮಾರು ಬೇಕು.)

ಅಂದರೆ ಅದೇ ಕರೆಂಟು, ಅದೇ ಟ್ರಾನ್ಸ್‌ಫಾರ್ಮರು. ಒಬ್ಬೊಬ್ಬರಾಗಿ ತಗೊಂಡರೆ ಎಂಟು ಮನೆಗೆ. ಸರದಿಯಲ್ಲಿ ತಗೊಂಡರೆ ಎಂಬತ್ತನಾಲ್ಕು ಮನೆಗೆ. ಎಂಟು ಜನ ಮೊದಲು ಬಂದು ತಮ್ಮ ದುಡ್ಡಲ್ಲೇ, ನಿಯಮದ ಪ್ರಕಾರವೇ ಎಲ್ಲವನ್ನೂ ಮಾಡಿಕೊಂಡಿರುತ್ತಾರೆ. ಒಂಬತ್ತನೆಯವನು ಐದು ವರ್ಷ ಬಿಟ್ಟು ಬಂದರೆ, "ಲೋಡಿಲ್ಲ, ಸಾರಿ" ಅನ್ನುವ ಉತ್ತರ. ಅವನ ಪಾಲನ್ನು ಯಾರೂ ಕದ್ದಿಲ್ಲ, ಆದರೂ ಅವನ ಪಾಲು ಇಲ್ಲ. ಬೇಸ್‌ಮೆಂಟಿನಲ್ಲಿ ನಾನು ಕದ್ದದ್ದು ವಾರಕ್ಕೆ ಆರು ಯೂನಿಟ್ಟು. ಈ ಶುದ್ಧವಾದ ದಾರಿಯಲ್ಲಿ ನಾನು ಏಳೂವರೆ ಕಿಲೋವ್ಯಾಟಿನ ಮೇಲೆ ಶಾಶ್ವತವಾಗಿ ಕೂತುಬಿಡುತ್ತಿದ್ದೆ.

ಇದೇ ಲೆಕ್ಕ ನಾನು ಬೇರೆ ಕಡೆ ನೋಡಿದ್ದೇನೆ ಅನ್ನಿಸಿತು. ಅಜ್ಜಿಯ ಊರಿನ ಕೆರೆ. ತೂಬಿನಿಂದ ಬರುವ ನೀರು ಕಾಲುವೆಯ ತಲೆಯಲ್ಲಿರುವ ಗದ್ದೆಗೆ ಮೊದಲು ಸಿಗುತ್ತೆ. ಅವರೆಲ್ಲ ಮನಸೋ ಇಚ್ಛೆ ತಿರುಗಿಸಿಕೊಂಡರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಬರುವುದು ಒದ್ದೆ ಮಣ್ಣಿನ ವಾಸನೆ ಮಾತ್ರ. ಅದಕ್ಕೇ ಹಿಂದಿನವರು ತೂಬನ್ನು ರೈತರ ಕೈಗೆ ಕೊಡಲಿಲ್ಲ, ನೀರುಗಂಟಿಯ ಕೈಗೆ ಕೊಟ್ಟರು. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನೋದನ್ನ ಅವನು ನೋಡಿಕೊಳ್ಳಬೇಕು. ಗುದ್ದಲಿ ಹೆಗಲಿಗೇರಿಸಿ ರಾತ್ರಿಯೆಲ್ಲ ಬದುವಿನ ಮೇಲೆ ಓಡಾಡಬೇಕು. ಕಟ್ಟೋದು, ಬಿಡೋದು. ಊರಗೌಡನ ಗದ್ದೆಯಾದರೂ ಹೊತ್ತು ಮುಗಿದರೆ ಕಟ್ಟಬೇಕು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಇಷ್ಟು ಕಾಳು.

ಇದನ್ನು ಮೀಟಿಂಗಿನಲ್ಲಿ ಹೇಳಿದೆ. ಹೌದು, ಟವೆಲ್ಲು ವಾಪಸು ಕೊಟ್ಟೆ. ಕೊಟ್ಟದ್ದಕ್ಕೆ ಒಳ್ಳೆಯತನ ಕಾರಣವಲ್ಲ, ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಬೀಳದ ಹಾಗೆ ಇರೋಕೆ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಮೂವತ್ತೊಂದು ಜನ. ನನ್ನ ಪ್ರಸ್ತಾಪ ಇಷ್ಟು. ಮುಖ್ಯ ಕೇಬಲ್ಲು ಮತ್ತು ಪ್ಯಾನೆಲ್ಲು ಎಲ್ಲರ ನಿಧಿಯಿಂದ, ಸುಮಾರು ಮೂರು ಲಕ್ಷ, ಮನೆಗೆ ಮೂರೂವರೆ ಸಾವಿರದ ಲೆಕ್ಕ. ಚಾರ್ಜರುಗಳ ದುಡ್ಡು, ಯೂನಿಟ್ಟಿನ ದುಡ್ಡು ಬಳಸುವವರದು. ಹನ್ನೆರಡು ಕಾರಿವೆ ಈಗ, ಸದ್ಯಕ್ಕೆ ನಾಲ್ಕು ಪಾಯಿಂಟು. ರಾತ್ರಿಗೆ ಎರಡು ಸರದಿ. ಸ್ಕೂಟರುಗಳಿಗೆ ಬೇರೆ ಬೋರ್ಡು, ಮೀಟರು ಸಮೇತ.

ನೆಲಮಹಡಿಯ ಮೇಷ್ಟ್ರು ಎದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರಾದವರು, ಕಾರಿಲ್ಲ, ಎಲ್ಲಿಗೆ ಹೋದರೂ ಬಿಎಂಟಿಸಿ ಬಸ್ಸು.

"ನಾನ್ಯಾಕಮ್ಮ ಕೊಡ್ಲಿ?"

ನನ್ನ ಹತ್ತಿರ ಉತ್ತರ ರೆಡಿ ಇತ್ತು. ಲಿಫ್ಟು. "ಮೇಷ್ಟ್ರೇ, ನೀವು ನೆಲಮಹಡಿ. ಹದಿನಾಲ್ಕು ವರ್ಷದಿಂದ ಲಿಫ್ಟಿನ ದುಡ್ಡು ಕೊಡ್ತಿದ್ದೀರಲ್ಲ. ಒಂದು ದಿನವೂ ಕೇಳಲಿಲ್ಲ."

"ಅದಕ್ಕೇ ಈಗ ಕೇಳ್ತಿರೋದು. ಒಂದ್ಸಲ ಸುಮ್ಮನಿದ್ದೆ ಅಂತ ಪ್ರತಿ ಸಲ ಸುಮ್ಮನಿರಬೇಕಾ? ಲಿಫ್ಟಿಗೆ ಕೊಟ್ಟೆ. ಈಜುಕೊಳಕ್ಕೆ ಕೊಟ್ಟೆ, ನನಗೆ ಈಜು ಬರಲ್ಲ. ಜನರೇಟರಿನ ಡೀಸೆಲ್ಲಿಗೆ ಕೊಟ್ಟೆ, ನಿಮ್ಮ ಏಸಿ ಓಡಲಿ ಅಂತ. ಈಗ ನಿಮ್ಮ ಕಾರಿಗೂ ಕೊಡಬೇಕು. ಎಲ್ಲರದು ಅಂತ ನೀವು ಅಂದಾಗೆಲ್ಲ ಅದರಲ್ಲಿ ನನ್ನದು ದುಡ್ಡು ಮಾತ್ರ ಇರುತ್ತೆ."

ಸಭೆ ನಕ್ಕಿತು. ನಾನು ನಗಲಿಲ್ಲ, ನನಗೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಹೊಗೆ ಕಮ್ಮಿಯಾದರೆ ನೀವೂ ಉಸಿರಾಡ್ತೀರಲ್ಲ ಅನ್ನಬಹುದಿತ್ತು. ಆದರೆ ಬಸ್ಸಿನಲ್ಲಿ ಓಡಾಡುವ ಮನುಷ್ಯ ನಮ್ಮೆಲ್ಲರಿಗಿಂತ ಕಮ್ಮಿ ಹೊಗೆ ಬಿಡುವವನು. ಅವರ ಮುಂದೆ ಗಾಳಿಯ ವಿಚಾರ ಎತ್ತೋಕೆ ನಾಚಿಕೆಯಾಯಿತು. ಹಾಗಾದರೆ ಕೇಬಲ್ಲಿನ ಖರ್ಚನ್ನೂ ಬಳಸುವವರೇ ಹಾಕಿಕೊಳ್ಳಲಿ ಅಂತ ಇನ್ನೊಬ್ಬರು ಅಂದರು. ಅದಕ್ಕೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂದೆ. ಹನ್ನೆರಡು ಜನ ದುಡ್ಡು ಹಾಕಿ ಕೇಬಲ್ಲು ಎಳೆದರೆ ಅದು ಹನ್ನೆರಡು ಜನರ ಕೇಬಲ್ಲು. ಹದಿಮೂರನೆಯವನು ಬಂದಾಗ ಅವನನ್ನು ಸೇರಿಸಿಕೊಳ್ಳಬೇಕೋ ಬೇಡವೋ, ಎಷ್ಟಕ್ಕೆ, ಅನ್ನುವುದನ್ನು ಆ ಹನ್ನೆರಡು ಜನ ತೀರ್ಮಾನಿಸುತ್ತಾರೆ. ಎಂಟು ಜನರ ಟವೆಲ್ಲಿನ ಬದಲು ಹನ್ನೆರಡು ಜನರ ಟವೆಲ್ಲು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಿದ್ರೆ ಕೊಡುಗೆ ಅನ್ನಬೇಡಿ, ಸಾಲ ಅನ್ನಿ. ನಿಧಿಯಿಂದ ತಗೊಳ್ಳಿ. ಬಳಸೋರು ಯೂನಿಟ್ಟಿಗೆ ಒಂದು ರೂಪಾಯಿ ಜಾಸ್ತಿ ಕೊಟ್ಟು ತೀರಿಸಲಿ. ಕೇಬಲ್ಲು ಎಲ್ಲರದಾಗಿ ಉಳೀಲಿ, ದುಡ್ಡು ನಂಗೆ ವಾಪಸು ಬರಲಿ" ಅಂದರು. ಇಪ್ಪತ್ತಾರು ವರ್ಷ ಸಾಲ ಕೊಟ್ಟ ಬ್ಯಾಂಕಿನವಳಿಗೆ ಇದು ಹೊಳೆದಿರಲಿಲ್ಲ. ಹೊಳೆಯದಿರೋಕೆ ಕಾರಣ ಇಷ್ಟೇ, ವಾಪಸು ಕೊಡಬೇಕು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಒಳ್ಳೇ ಕೆಲಸ ಮಾಡ್ತಿದ್ದೀನಿ ಅನ್ನೋ ಭಾವನೆ ಬಂದುಬಿಟ್ಟರೆ ಬೇರೆಯವರ ಜೇಬಿಗೆ ಕೈಹಾಕೋದು ಎಷ್ಟು ಸಲೀಸು ನೋಡಿ.

ಬೆಂಕಿಯ ಪ್ರಶ್ನೆಯೂ ಬಂತು, ಬರಲೇಬೇಕಿತ್ತು. 2022ರ ಬೇಸಿಗೆಯಲ್ಲಿ ದೇಶದಲ್ಲಿ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿ ಉರಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಆ ವರ್ಷದ ಕೊನೆಗೆ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿ ಮಾಡಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಮೊದಲ ಮಹಡಿಯ ಒಬ್ಬರು ಅಜ್ಜಿ, ಒಂಟಿಯಾಗಿರುವವರು, "ನನ್ನ ಮಂಚದ ಕೆಳಗೇ ಬರುತ್ತಲ್ಲಪ್ಪ ಅದು" ಅಂದರು. ಅಂಕಿಅಂಶ ಹೇಳಿ ಆಕೆಯ ಬಾಯಿ ಮುಚ್ಚಿಸೋದು ತಪ್ಪು ಅನ್ನಿಸಿತು. ಪಾಯಿಂಟುಗಳನ್ನು ಬೇಸ್‌ಮೆಂಟಿನಿಂದ ಹೊರಗೆ, ಕಾಂಪೌಂಡಿನ ಪಕ್ಕದ ತೆರೆದ ಪಾರ್ಕಿಂಗಿಗೆ ಸರಿಸಿದೆವು. ಕೇಬಲ್ಲು ಇಪ್ಪತ್ತು ಮೀಟರು ಜಾಸ್ತಿ ಆಯಿತು, ಆಗಲಿ. ಬಾಲ್ಕನಿಯಿಂದ ವೈರು ಇಳಿಬಿಟ್ಟು ಚಾರ್ಜು ಮಾಡುವವರು ಈಗಾಗಲೇ ಇದ್ದಾರೆ, ಅದಕ್ಕಿಂತ ಇದು ವಾಸಿ ಅಂತ ಅಜ್ಜಿಯೇ ಕೊನೆಗೆ ಒಪ್ಪಿದರು.

ಅಲ್ಲಿ ಕಾರು ನಿಲ್ಲಿಸುತ್ತಿದ್ದವರು ಒಪ್ಪಲಿಲ್ಲ. "ಅದು ನನ್ನ ಪಾರ್ಕಿಂಗು!" ನಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಅಡಿ ನೋಂದಣಿಯಾದದ್ದು. ಘೋಷಣಾ ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಪಾರ್ಕಿಂಗ್ ಜಾಗ ಆ ಕಾಯಿದೆಯ ಪ್ರಕಾರ ಎಲ್ಲರಿಗೂ ಸೇರಿದ ಜಾಗ. ನಮ್ಮದರಲ್ಲಿ ಬೇರೆ ಥರ ಬರೆದಿರಲಿಲ್ಲ. ಸರ್ಕಾರದ ಕಡೆಯಿಂದಲೂ ಅಡ್ಡಿಯಿಲ್ಲ. ಎಲೆಕ್ಟ್ರಿಕ್ ವಾಹನಕ್ಕೆ ಅಂತ ನೀತಿ ಮಾಡಿದ ಮೊದಲ ರಾಜ್ಯ ನಮ್ಮದೇ, 2017ರಲ್ಲಿ. ಗಾಡಿ ಚಾರ್ಜು ಮಾಡಿಕೊಡುವುದು ಸೇವೆ, ಕರೆಂಟು ಮಾರಾಟವಲ್ಲ, ಲೈಸೆನ್ಸು ಬೇಡ ಅಂತ ಕೇಂದ್ರದ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಹೊಸ ಕಟ್ಟಡಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಾರ್ಕಿಂಗಿಗೆ ಈ ಸೌಕರ್ಯ ಇರಬೇಕು ಅಂತ ಕೇಂದ್ರದ ಮಾದರಿ ಬೈಲಾದಲ್ಲಿ 2019ರಲ್ಲಿ ಸೇರಿಸಿದರು. ನಮ್ಮಂಥ ಹಳೇ ಕಟ್ಟಡದವರು ನಮ್ಮ ನಮ್ಮಲ್ಲೇ ಜಗಳಾಡಿ ತೀರ್ಮಾನಿಸಿಕೊಳ್ಳಬೇಕು.

ಇಂಥ ಜಗಳಗಳ ಬಗ್ಗೆ ಓದಿಕೊಂಡವರು ಎಲಿನಾರ್ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಎಲ್ಲರದ್ದಾದ ಹುಲ್ಲುಗಾವಲು ಹಾಳಾಗಿಯೇ ಹೋಗುತ್ತೆ, ಒಬ್ಬೊಬ್ಬನೂ ಇನ್ನೊಂದು ಹಸು ಬಿಡ್ತಾನೆ, ಅಂತ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದದ್ದನ್ನು ಲೋಕವೆಲ್ಲ ನಂಬಿತ್ತು. ಆಕೆ ಹಳ್ಳಿಗಳನ್ನೇ ನೋಡಿ, ಹಾಗಾಗಲೇಬೇಕಿಲ್ಲ ಅಂತ ತೋರಿಸಿದರು. ಸ್ವಿಟ್ಜರ್ಲೆಂಡಿನ ತೋರ್ಬೆಲ್ ಅನ್ನುವ ಹಳ್ಳಿಯಲ್ಲಿ ನೂರಾರು ವರ್ಷದ ಹಳೇ ನಿಯಮವೊಂದಿದೆ. ಚಳಿಗಾಲದಲ್ಲಿ ನಿನ್ನ ಮೇವಿನಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಬೇಸಿಗೆಯಲ್ಲಿ ಅಷ್ಟನ್ನೇ ಬೆಟ್ಟದ ಮೇಲಿನ ಹುಲ್ಲಿಗೆ ಹೊಡೀಬೇಕು. ಆಸ್ಟ್ರಮ್ ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಇನ್ನೊಂದು. ಬಾಳಿಕೆ ಬಂದ ಇಂಥ ವ್ಯವಸ್ಥೆಗಳಲ್ಲಿ ನಿಯಮ ಯಾರಿಗೆ ತಟ್ಟುತ್ತೋ ಅವರಿಗೆ ನಿಯಮ ಮಾಡುವುದರಲ್ಲಿ ಬಾಯಿ ಇರುತ್ತೆ.

ನಮ್ಮ ಮೀಟಿಂಗಿನಲ್ಲಿ ಬಾಯಿ ಇದ್ದದ್ದು ಮಾಲೀಕರಿಗೆ. ಎಲೆಕ್ಟ್ರಿಕ್ ಸ್ಕೂಟರಿಟ್ಟುಕೊಂಡಿರುವ ಹುಡುಗ ಹುಡುಗಿಯರು ಬಹುಪಾಲು ಬಾಡಿಗೆಯವರು. ಅವರು ವೋಟು ಹಾಕುವ ಹಾಗಿಲ್ಲ. ಅವರ ಮಾಲೀಕ ಡಲ್ಲಾಸಿನಲ್ಲೋ ದುಬೈನಲ್ಲೋ ಕೂತು ಪ್ರಾಕ್ಸಿ ಕಳಿಸುತ್ತಾನೆ, ಬೇಡ ಅಂತ. ಈ ಬಾರಿ ಬಾಡಿಗೆಯವರು ಮಾತಾಡಬಹುದು, ವೋಟು ಮಾತ್ರ ಇಲ್ಲ ಅಂತ ಸೆಕ್ರೆಟರಿ ಅವಕಾಶ ಕೊಟ್ಟರು. ಮೂವರು ಬಂದು ಮಾತಾಡಿದರು, ನಮಗಿಂತ ಚೆನ್ನಾಗಿ.

ಹತ್ತೊಂಬತ್ತು ಪರ, ಹನ್ನೆರಡು ವಿರುದ್ಧ. ಆರು ತಿಂಗಳ ಪ್ರಯೋಗ, ಮೇಷ್ಟ್ರ ಸಾಲದ ಷರತ್ತಿನ ಮೇಲೆ. ಮೇಷ್ಟ್ರು ವಿರುದ್ಧವೇ ಕೈಯೆತ್ತಿದರು. "ನಿಮ್ಮ ತಿದ್ದುಪಡಿಯೇ ಅಲ್ವಾ ಮೇಷ್ಟ್ರೇ" ಅಂದದ್ದಕ್ಕೆ, "ಲೆಕ್ಕ ಸರಿ ಮಾಡಿಕೊಟ್ಟೆ, ಒಪ್ಪಿದೆ ಅಂತ ಹೇಳಿದ್ನಾ?" ಅಂದರು.

ಗೆದ್ದ ಮಧ್ಯಾಹ್ನ ಊಟ ಸೇರಲಿಲ್ಲ. ಮೊಬೈಲು ತೆಗೆದು ಅಸೋಸಿಯೇಷನ್ನಿನ ಖಾತೆಗೆ ಏಳುನೂರ ಇಪ್ಪತ್ತು ರೂಪಾಯಿ ಕಳಿಸಿದೆ. ಹದಿನೈದು ವಾರ, ವಾರಕ್ಕೆ ಆರು ಯೂನಿಟ್ಟು, ತೊಂಬತ್ತು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದೆ, ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡ ಹಾಗಾಗಬಾರದು ಅಂತ. ಮನೆಗೆ ಎಂಟು ರೂಪಾಯಿ ಐವತ್ತೇಳು ಪೈಸೆ ಬೀಳುತ್ತೆ. ಸಂಜೆ ಟ್ರೆಷರರ್ ಫೋನು. "ಮೇಡಂ, ಇದೇನು ಏಳ್ನೂರಿಪ್ಪತ್ತು? ಯಾವ ಹೆಡ್ಡಿಗೆ ಹಾಕ್ಲಿ?" ಹೇಳಿದೆ, ಎಲ್ಲಾನೂ. ಫೋಟೋದ ರಾತ್ರಿಯದೂ. ಅವರು ಜೋರಾಗಿ ನಕ್ಕರು. "ಅಯ್ಯೋ ಬಿಡಿ ಮೇಡಂ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡಿದ್ರಾ? ನಿಮಗಿಂತ ಜಾಸ್ತಿ ಕರೆಂಟು ಆ ಫೌಂಟನ್ನು ತಿನ್ನುತ್ತೆ. ಇತರೆ ಆದಾಯ ಅಂತ ಹಾಕ್ತೀನಿ."

ಇದೇ ಸಾಕೆಟ್ಟು, ಇದೇ ಕಾಮನ್ ಕರೆಂಟು. ಒಂದು ಬಕೆಟ್ಟು ನೀರು ಕಾಯಿಸೋಕೆ ಒಂದು ಯೂನಿಟ್ಟು ಸುಡುತ್ತೋ ಇಲ್ಲವೋ. ಅವರಿಗೆ ಬೀಗ, ನನಗೆ ನಗು. ನಾನೂ ನಕ್ಕೆ, ಫೋನಿನಲ್ಲಿ. ನಗದಿದ್ದರೆ ಏನೋ ದೊಡ್ಡದು ಮಾಡ್ತಿದ್ದಾಳೆ ಅನ್ನಿಸುತ್ತಿತ್ತು.

ರಾತ್ರಿ ಹತ್ತೂವರೆಗೆ ಕೆಳಗಿಳಿದೆ. ಗೇಟಿನ ಹತ್ತಿರ ಅವರು ರಿಜಿಸ್ಟರ್ ಬರೀತಿದ್ದರು. ಪ್ರಯೋಗದ ನಿಯಮಗಳ ಹಾಳೆ ನನ್ನ ಕೈಲಿತ್ತು, ನೋಟೀಸ್ ಬೋರ್ಡಿಗೆ ಅಂಟಿಸೋಕೆ ತಂದದ್ದು. ಮೊದಲು ಅವರಿಗೆ ಹೇಳಬೇಕಾದ್ದು ಬೇರೆ ಇತ್ತು. ಆ ದಿನ ಗುಂಪಿನಲ್ಲಿ ನಾನು ಬಾಯಿಬಿಡಬೇಕಿತ್ತು, ತಪ್ಪಾಯ್ತು, ಅಂತ ಹೇಗೋ ಹೇಳಿದೆ.

"ಆತ್ ಬಿಡ್ರಿ ಅಕ್ಕಾರ. ನೀವ್ ಅಂದ್ರೂ ಕೀಲಿ ಹಾಕ್ತಿದ್ರು" ಅಂದರು. ಅದು ಕ್ಷಮಿಸಿದ್ದೋ, ಮಾತು ಮುಗಿಸಿದ್ದೋ ಗೊತ್ತಾಗಲಿಲ್ಲ. ಈಗ ನೀರು ಎಲ್ಲಿ ಕಾಯಿಸ್ಕೋತೀರಿ ಅಂದೆ. "ತಣ್ಣೀರ್ ರೂಢಿ ಆಗ್ಯಾವ್ರಿ."

ಆಮೇಲೆ ಕೈಲಿದ್ದ ಹಾಳೆ ಕೇಳಿ ಇಸ್ಕೊಂಡು ಟಾರ್ಚಿನ ಬೆಳಕಲ್ಲಿ ಓದಿದರು, ನಿಧಾನಕ್ಕೆ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ನಾಲ್ಕು ಪಾಯಿಂಟು, ಎಂಟು ಕಾರು. ಮೊದಲ ಸರದಿ ಹನ್ನೊಂದರಿಂದ ಎರಡೂವರೆ, ಎರಡನೇ ಸರದಿ ಎರಡೂವರೆಯಿಂದ ಆರು. ಒಂದು ಪಾಯಿಂಟಿನ ಎಡಬಲಕ್ಕೆ ಎರಡು ಕಾರು, ಇದರಿಂದ ಬಿಚ್ಚಿ ಅದಕ್ಕೆ ಹಚ್ಚುವುದು.

"ಅಕ್ಕಾರ, ಎರಡೂವರಿಗಿ ಯಾರ್ ಎದ್ದು ಬಂದು ಇದನ್ನ ಬಿಚ್ಚಿ ಅದಕ್ಕ ಹಚ್ಚಾವ್ರು?"

ಹಾಳೆಯನ್ನು ವಾಪಸು ತಗೊಂಡು ನೋಡಿದೆ. ಯೂನಿಟ್ಟಿನ ದರ ಇತ್ತು, ಸಾಲದ ಕಂತಿತ್ತು, ಸರದಿ ತಪ್ಪಿಸಿದರೆ ಎಷ್ಟು ದಂಡ ಅಂತಲೂ ಇತ್ತು. ಎರಡೂವರೆಗೆ ಯಾರು ಅನ್ನುವುದು ಎಲ್ಲೂ ಇರಲಿಲ್ಲ. ಮೂವತ್ತೊಂದು ಜನ ಎರಡು ಗಂಟೆ ಮಾತಾಡಿದ್ದೆವು, ಮೇಷ್ಟ್ರೂ ಸೇರಿ ಒಬ್ಬರೂ ಕೇಳಿರಲಿಲ್ಲ. ನೀರುಗಂಟಿಯ ಕತೆ ಹೇಳಿ ಚಪ್ಪಾಳೆ ತಗೊಂಡಿದ್ದೆ. ಅಜ್ಜಿಯ ಊರಿನಲ್ಲಿ ನೀರುಗಂಟಿಗೆ ಆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರಲಿಲ್ಲ, ಕಣದಲ್ಲಿ ಕಾಳು ಅಳೆಯುವಾಗ ಅವನು ದೂರ ನಿಂತಿರುತ್ತಿದ್ದ ಅನ್ನುವುದನ್ನು ನಾನು ಸಭೆಯಲ್ಲಿ ಹೇಳಿರಲಿಲ್ಲ. ಕತೆಗೆ ಅದು ಬೇಕಿರಲಿಲ್ಲ.

ನೋಟೀಸು ಅಂಟಿಸಲಿಲ್ಲ. ಅವರ ಪೆನ್ನು ಇಸ್ಕೊಂಡು ಕೆಳಗೆ ಬರೆಯೋಕೆ ಶುರುಮಾಡಿದೆ. ಸರದಿ ಬದಲಿಸುವ ಕೆಲಸಕ್ಕೆ ರಾತ್ರಿ ಪಾಳಿಯವರಿಗೆ ಇಂತಿಷ್ಟು. ಎಷ್ಟು ಅಂತ ಹಾಕಲಿ ಅಂತ ಅವರನ್ನೇ ಕೇಳಿದೆ. ಅವರು ಯೋಚನೆ ಮಾಡಿದರು. ನಾನು ಒಂದು ಅಂಕಿಯನ್ನು ಕಾಯುತ್ತಿದ್ದೆ.

"ರೊಕ್ಕದ್ದು ಆಮ್ಯಾಲ್ ನೋಡೂಣ್ರಿ. ಮದ್ಲ ಆ ಡಬ್ಬಿ ಕೀಲಿ ತಗಸ್ರಿ" ಅಂದರು.